ಉಪ್ಪು ಕಾದಿಟ್ಟ ಎಣ್ಣೆ

"ಹಾಗಾದರೆ ಉಪ್ಪಿನಿಂದಲೇ ಎಣ್ಣೆ ಹುಟ್ಟುತ್ತದೆ ಅಂತಲಾ ಮಾವ?"

ಕುಮಟೆಯ ಆ ಮನೆಯ ಜಗಲಿಯಲ್ಲಿ ಕೂತು ಹೀಗೆ ಕೇಳಿದವಳು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಉತ್ತರ ಹೇಳಬೇಕಾದವರು ಅವಳ ಸೋದರಮಾವ. ಹೂಸ್ಟನ್ನಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಸಮುದ್ರದ ತಳದ ಕೆಳಗಿನಿಂದ ಮರಳಿ ಬರುವ ಅಲೆಗಳನ್ನು ಓದಿ, ಎಲ್ಲಿ ಕೊರೆಯಬಹುದು, ಎಲ್ಲಿ ಬೇಡ ಎಂದು ಹೇಳುವುದು ಅವರ ಕೆಲಸವಾಗಿತ್ತು. ಅಂದು ಬೆಳಿಗ್ಗೆ ಇಬ್ಬರೂ ಸಾಣಿಕಟ್ಟಾದ ಉಪ್ಪಿನಾಗರಕ್ಕೆ ಹೋಗಿ ಬಂದಿದ್ದರು. ಗುಡ್ಡೆ ಹಾಕಿದ ಉಪ್ಪಿನ ಮುಂದೆ ನಿಂತು ಮಾವ, "ಇದೇ ಉಪ್ಪು ಎರಡು ಕಿಲೋಮೀಟರ್ ದಪ್ಪಕ್ಕೆ ಬಿದ್ದಿರುವ ಕಡೆ ಬ್ರೆಜಿಲಿನವರಿಗೆ ಎಣ್ಣೆ ಸಿಕ್ಕಿತು" ಎಂದಿದ್ದರು. ಊಟ ಮುಗಿದರೂ ಆ ಮಾತು ಅವಳ ತಲೆಯಿಂದ ಇಳಿದಿರಲಿಲ್ಲ.

"ಹುಟ್ಟುವುದಿಲ್ಲ," ಎಂದರು ಮಾವ. "ಎಣ್ಣೆ ಹುಟ್ಟುವುದು ಸತ್ತ ಪಾಚಿಯಿಂದ, ಸೂಕ್ಷ್ಮಜೀವಿಗಳಿಂದ. ಅವು ಗಾಳಿಯಾಡದ ಕೆಸರಿನಲ್ಲಿ ಹೂತು, ಆಳಕ್ಕಿಳಿದು, ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಲಕ್ಷಾಂತರ ವರ್ಷ ಬೇಯಬೇಕು. ಅದರಲ್ಲಿ ಉಪ್ಪು ಒಂದು ಹನಿಯನ್ನೂ ಕೊಡುವುದಿಲ್ಲ. ಆದರೆ ಹುಟ್ಟಿದ ಎಣ್ಣೆಗೆ ನಿಲ್ಲುವ ಬುದ್ಧಿಯಿಲ್ಲ. ಕಲ್ಲಿನ ರಂಧ್ರಗಳಲ್ಲೆಲ್ಲ ನೀರು ತುಂಬಿರುತ್ತದೆ. ಎಣ್ಣೆ ನೀರಿಗಿಂತ ಹಗುರ, ಮೇಲೆ ಮೇಲೆ ಏರುತ್ತಲೇ ಹೋಗುತ್ತದೆ. ತಡೆಯುವವರು ಇಲ್ಲದಿದ್ದರೆ ನೆಲಕ್ಕೋ ಸಮುದ್ರಕ್ಕೋ ಜಿನುಗಿ, ಆರಿ, ಡಾಂಬರಾಗಿ ಮುಗಿಯುತ್ತದೆ. ಹುಟ್ಟಿದ್ದರಲ್ಲಿ ಬಹುಪಾಲು ಹೀಗೆಯೇ ಕಳೆದುಹೋಗಿದೆ. ನಮ್ಮ ಕೈಗೆ ಸಿಗುವುದು ಯಾರೋ ತಡೆದು ನಿಲ್ಲಿಸಿದ್ದು ಮಾತ್ರ."

"ಆ ಯಾರೋ ಅಂದರೆ ಉಪ್ಪು."

"ಎಲ್ಲ ಕಡೆ ಅಲ್ಲ. ಬಾಂಬೆ ಹೈಯಲ್ಲಿ ಜೇಡಿಕಲ್ಲಿನ ಪದರವೇ ಮುಚ್ಚಳ. ಆದರೆ ಮೆಕ್ಸಿಕೋ ಕೊಲ್ಲಿ, ಬ್ರೆಜಿಲ್, ಉತ್ತರ ಸಮುದ್ರ, ಪರ್ಷಿಯಾ ಕೊಲ್ಲಿಯ ಸುತ್ತಮುತ್ತ, ಈಗ ಈಜಿಪ್ಟ್ ಮತ್ತು ಇಸ್ರೇಲಿನ ಕಡಲು ಇವೆಲ್ಲದರ ಕತೆಯಲ್ಲಿ ಉಪ್ಪೋ ಅದರ ಒಡಹುಟ್ಟಾದ ಅನ್‌ಹೈಡ್ರೈಟೋ ಇದ್ದೇ ಇದೆ."

ಎರಡು ಕಿಲೋಮೀಟರ್ ಎಂಬ ಲೆಕ್ಕ ಅವಳಿಗೆ ಒಪ್ಪಿಗೆಯಾಗಿರಲಿಲ್ಲ. ಕಾಗದ ತೆಗೆದುಕೊಂಡು ಗೀಚಿದಳು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಎಲ್ಲ ಲವಣಗಳೂ ಸೇರಿ ಸುಮಾರು 35 ಗ್ರಾಂ. ಅದರಲ್ಲಿ ಅಡುಗೆ ಉಪ್ಪು 27 ಗ್ರಾಂ ಆಸುಪಾಸು. ಒಂದು ಕಿಲೋಮೀಟರ್ ಆಳದ ಸಮುದ್ರ ಪೂರ್ತಿ ಒಣಗಿದರೂ ತಳದಲ್ಲಿ ಉಳಿಯುವ ಉಪ್ಪು 13 ಮೀಟರಿನಷ್ಟೇ. "ಎರಡು ಕಿಲೋಮೀಟರ್ ಉಪ್ಪು ಬೇಕಾದರೆ 150 ಕಿಲೋಮೀಟರ್ ಆಳದ ಸಮುದ್ರ ಬೇಕು. ಅಂಥ ಸಮುದ್ರ ಎಲ್ಲಿದೆ?"

ಮಾವನಿಗೆ ಈ ಪ್ರಶ್ನೆಯಿಂದ ನಿಜವಾಗಿ ಖುಷಿಯಾಯಿತು. "ಬೆಳಿಗ್ಗೆ ನೋಡಿದೆಯಲ್ಲ, ಆಗರದವರು ಒಂದೇ ಸಲ ನೀರು ತುಂಬಿ ಕೈಬಿಡುತ್ತಾರಾ? ಉಬ್ಬರದ ನೀರನ್ನು ಕಾಲುವೆಯಲ್ಲಿ ಒಳಗೆ ತಂದುಕೊಳ್ಳುತ್ತಾರೆ, ಬಿಸಿಲಿಗೆ ಇಂಗಿಸುತ್ತಾರೆ, ಮತ್ತೆ ಬಿಡುತ್ತಾರೆ. ಭೂಮಿಯೂ ಹಾಗೇ ಮಾಡಿತು. ಎರಡು ಖಂಡಗಳು ಬೇರೆಯಾಗುವಾಗ ನಡುವೆ ತಗ್ಗು ಬೀಳುತ್ತದೆ. ಕಿರಿದಾದ ಬಾಯಿಂದ ಸಮುದ್ರದ ನೀರು ಒಳಗೆ ಬರುತ್ತಲೇ ಇರುತ್ತದೆ, ಬಿಸಿಲಿಗೆ ಆರುತ್ತಲೇ ಇರುತ್ತದೆ. ನೀರು ಐದರಲ್ಲೊಂದು ಪಾಲಿಗೆ ಇಳಿದಾಗ ಜಿಪ್ಸಮ್ ಬೀಳುತ್ತದೆ, ಹತ್ತರಲ್ಲೊಂದು ಪಾಲಿಗೆ ಇಳಿದಾಗ ಉಪ್ಪು. ಇದನ್ನು ನಾನು ನಿನಗೆ ಹೇಳಬೇಕಾಗಿಲ್ಲ."

ಅವಳು ತಲೆಯಾಡಿಸಿದಳು. ಕೊನೆಯಲ್ಲಿ ಉಳಿಯುವ ಪೊಟ್ಯಾಶಿಯಂ, ಮೆಗ್ನೀಶಿಯಂ ಲವಣಗಳ ಕಹಿ ನೀರನ್ನು ಅವಳೇ ಪ್ರತಿವರ್ಷ ವಿದ್ಯಾರ್ಥಿಗಳಿಗೆ ವಿವರಿಸುತ್ತಾಳೆ.

ಇಂಥದ್ದು ಕೊನೆಯ ಸಲ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಮೆಡಿಟರೇನಿಯನ್ ಸಮುದ್ರದಲ್ಲಿ, 59 ಲಕ್ಷದಿಂದ 53 ಲಕ್ಷ ವರ್ಷಗಳ ಹಿಂದಿನ ಅವಧಿಯಲ್ಲಿ. ಅಟ್ಲಾಂಟಿಕ್ ಜೊತೆಗಿನ ಕೊಂಡಿ ಕಿರಿದಾಗಿ ಇಡೀ ಸಮುದ್ರವೇ ಆಗರದಂತಾಯಿತು. 1970ರಲ್ಲಿ ಗ್ಲೋಮರ್ ಚಾಲೆಂಜರ್ ಎಂಬ ಸಂಶೋಧನಾ ಹಡಗು ಅದರ ತಳವನ್ನು ಕೊರೆದಾಗ ಜಿಪ್ಸಮ್ಮೂ ಉಪ್ಪೂ ಕೈಗೆ ಬಂದವು. ಆ ಹಡಗಿನಲ್ಲಿದ್ದ ಕೆನೆತ್ ಶೂ, ವಿಲಿಯಂ ರಯಾನ್ ಮೊದಲಾದವರು ಸಮುದ್ರ ಒಣಗಿತ್ತು ಎಂದಾಗ ಬಹಳ ಜನ ನಂಬಲಿಲ್ಲ. ನಲವತ್ತು ವರ್ಷದ ಬಳಿಕ ಅದೇ ಉಪ್ಪಿನ ಅಡಿಯಲ್ಲಿ ಅನಿಲ ಸಿಕ್ಕಿತು: ಇಸ್ರೇಲಿನ ಕಡಲಲ್ಲಿ 2009ರಲ್ಲಿ ತಮಾರ್, 2010ರಲ್ಲಿ ಲೆವಯಾಥನ್, ಈಜಿಪ್ಟಿನ ಕಡಲಲ್ಲಿ 2015ರಲ್ಲಿ ಝೋರ್. ಒಣಗಿದ ಸಮುದ್ರದ ಪಳೆಯುಳಿಕೆ ಅನಿಲಕ್ಕೆ ಮುಚ್ಚಳವಾಗಿ ಕೂತಿತ್ತು.

ಇಷ್ಟು ಹೊತ್ತು ಒಳಗಿನ ಬಾಗಿಲ ಬಳಿ ಶ್ಯಾವಿಗೆ ಒರಳಿಗೆ ಎಣ್ಣೆ ಸವರುತ್ತಿದ್ದ ಅಕ್ಕ ತಲೆಯೆತ್ತಿದರು. ಉಪನ್ಯಾಸಕಿಯ ತಾಯಿ ಅವರು. ಓದಿದ್ದು ಏಳನೆಯ ಇಯತ್ತೆ. "ನೀನು ಹೇಳುವುದೆಲ್ಲ ಸರಿ. ಮುಚ್ಚಳ ಗಟ್ಟಿ ಇರಬೇಕಲ್ಲವಾ? ಉಪ್ಪಿನ ಹರಳನ್ನು ನಾನು ಕಲ್ಲಲ್ಲಿ ಒಂದೇ ಏಟಿಗೆ ಪುಡಿ ಮಾಡುತ್ತೇನೆ."

"ಗಟ್ಟಿ ಕಲ್ಲು ಒಡೆಯುತ್ತದೆ ಅಕ್ಕ, ಒಡೆದರೆ ಬಿರುಕು ಉಳಿಯುತ್ತದೆ. ಎಣ್ಣೆಗೆ ಅಷ್ಟು ಸಾಕು. ನಿನ್ನ ಕಲ್ಲಿನ ಏಟಿಗೆ ಉಪ್ಪು ಪುಡಿಯಾಗುತ್ತದೆ, ಯಾಕೆಂದರೆ ನೀನು ಅವಸರದಲ್ಲಿ ಹೊಡೆಯುತ್ತೀ. ಅದನ್ನೇ ಮೇಲಿನಿಂದ ಸಾವಿರಾರು ಮೀಟರ್ ಮಣ್ಣಿನ ಭಾರದಲ್ಲಿ, ಸಾವಿರಾರು ವರ್ಷ ನಿಧಾನವಾಗಿ ಒತ್ತಿದರೆ ಅದು ಒಡೆಯುವುದಿಲ್ಲ, ಹರಿಯುತ್ತದೆ. ಬಿರುಕು ಬಿಟ್ಟರೂ ತಾನೇ ಕೂಡಿಕೊಳ್ಳುತ್ತದೆ. ಒಳಗೆ ರಂಧ್ರಗಳೇ ಇಲ್ಲ ಅನ್ನಬಹುದು. ಮೆತ್ತಗಿರುವುದರಿಂದಲೇ ಅದು ಎಲ್ಲ ಕಲ್ಲುಗಳಿಗಿಂತ ಒಳ್ಳೆಯ ಮುಚ್ಚಳ."

ಅಕ್ಕ ಒರಳಿನೊಳಗೆ ಬೆಂದ ಹಿಟ್ಟಿನ ಉಂಡೆ ಇಟ್ಟು ತಿರುಪಿದರು. ಕೆಳಗಿನ ತೂತುಗಳಿಂದ ಎಳೆಗಳು ಇಳಿದವು.

"ಇದನ್ನು ನೋಡು," ಎಂದರು ಮಾವ ಸೊಸೆಗೆ. "ದಶಕಗಳ ಕಾಲ ನಮ್ಮವರು ಉಪ್ಪಿನ ಗುಮ್ಮಟಗಳ ಬಗ್ಗೆ ಒಂದೇ ಮಾತು ಹೇಳುತ್ತಿದ್ದರು: ಉಪ್ಪು ಹಗುರ, ಅದಕ್ಕೆ ಮೇಲೆ ತೇಲುತ್ತದೆ. ಅದು ಸುಳ್ಳಲ್ಲ. ಉಪ್ಪಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.2 ಗ್ರಾಂ ಹತ್ತಿರ, ಎಷ್ಟು ಆಳಕ್ಕೆ ಹೂತರೂ ಅದು ಹೆಚ್ಚು ಬದಲಾಗುವುದಿಲ್ಲ. ಕೆಸರು ಹಾಗಲ್ಲ, ಹೂತಷ್ಟೂ ನೀರು ಹಿಂಡಿಕೊಂಡು ಭಾರವಾಗುತ್ತದೆ. ಒಂದು ಹಂತ ದಾಟಿದ ಮೇಲೆ ಹಗುರ ಉಪ್ಪು ಕೆಳಗೆ, ಭಾರದ ಕಲ್ಲು ಮೇಲೆ. ಆದರೆ ಮೇಲಿನ ಕಲ್ಲು ಗಟ್ಟಿಯಾಗಿದ್ದರೆ ಹಗುರ ಉಪ್ಪು ಅದನ್ನು ತೂರಿ ಬರುವುದು ಸುಲಭವಲ್ಲ. ಅದನ್ನು ನೂಕುವುದು ಮೇಲಿನ ಭಾರದ ಏರುಪೇರು: ಒಂದು ಕಡೆ ಭಾರ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಎಲ್ಲೋ ಕಲ್ಲು ಜಗ್ಗಿ ತೆಳುವಾಗಿದೆ, ಬಿರಿದಿದೆ. ಉಪ್ಪು ಅಲ್ಲಿಗೆ ನುಗ್ಗುತ್ತದೆ. 1990ರ ದಶಕದಿಂದ ಈಚೆಗೆ ಒಪ್ಪಿಕೊಂಡ ಮಾತು ಇದು. ಒರಳಿನ ಹಿಟ್ಟು ಹಗುರ ಅಂತ ಹೊರಗೆ ಬರುತ್ತಿಲ್ಲ. ಒತ್ತಿದ್ದಕ್ಕೆ, ತೂತು ಇದ್ದ ಕಡೆ ಬರುತ್ತಿದೆ."

ಹೀಗೆ ನುಗ್ಗಿದ ಉಪ್ಪು ಕಂಬವಾಗುತ್ತದೆ, ಗೋಡೆಯಾಗುತ್ತದೆ, ನಾಯಿಕೊಡೆಯಂತೆ ತಲೆ ಅಗಲಿಸಿಕೊಳ್ಳುತ್ತದೆ. ಏರುವಾಗ ಅಕ್ಕಪಕ್ಕದ ಮರಳುಗಲ್ಲಿನ ಪದರಗಳ ಅಂಚನ್ನು ಸೆರಗೆತ್ತಿದ ಹಾಗೆ ಮೇಲೆ ಬಾಗಿಸುತ್ತದೆ. ಮರಳುಗಲ್ಲಿನಲ್ಲಿ ಮೇಲೇರುತ್ತಾ ಬಂದ ಎಣ್ಣೆ ಆ ಇಳಿಜಾರಿನ ತುದಿಯಲ್ಲಿ ಉಪ್ಪಿನ ಗೋಡೆಗೆ ಮುಖ ಕೊಟ್ಟು ನಿಲ್ಲುತ್ತದೆ. ಗುಮ್ಮಟದ ನೆತ್ತಿಯ ಮೇಲೆ ಪದರಗಳು ಬೋರಲು ಬಟ್ಟಲಿನಂತೆ ಬಾಗಿದರೆ ಅಲ್ಲೂ ಎಣ್ಣೆ. ಉಪ್ಪು ಬುಡದಿಂದ ಸರಿದುಹೋದ ಜಾಗದಲ್ಲಿ ನೆಲ ಕುಸಿದು ಹೊಸ ತಗ್ಗಾಗಿ, ಅದರಲ್ಲಿ ಮಣ್ಣು ದಪ್ಪವಾಗಿ ತುಂಬುತ್ತದೆ. ಮುಂದೆ ಆ ತಗ್ಗಿನ ಎರಡೂ ಬದಿಯ ಉಪ್ಪು ಖಾಲಿಯಾದರೆ ಅಂಚುಗಳು ಇಳಿದು, ನಡುವಿನ ದಪ್ಪ ರಾಶಿ ಆಮೆಯ ಬೆನ್ನಿನಂತೆ ಎದ್ದು ಕಾಣುತ್ತದೆ. 1999ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಪತ್ತೆಯಾದ ಥಂಡರ್ ಹಾರ್ಸ್ ಎಂಬ ದೈತ್ಯ ಕ್ಷೇತ್ರ ಇಂಥ ಆಮೆಯ ಬೆನ್ನಿನಲ್ಲೇ ಇದೆ.

"ಉಪ್ಪಿದ್ದಲ್ಲಿ ಎಣ್ಣೆ ಇರಬಹುದು ಅಂತ ಮೊದಲು ಗೊತ್ತಾದದ್ದು ಯಾರಿಗೆ?"

"ಗೊತ್ತಾಗುವ ಮೊದಲು ಒಬ್ಬರಿಗೆ ಅನ್ನಿಸಿತ್ತು," ಎಂದರು ಮಾವ.

ಟೆಕ್ಸಸ್‌ನ ಬೋಮಾಂಟ್ ಊರಿನ ಹತ್ತಿರ ಸ್ಪಿಂಡಲ್‌ಟಾಪ್ ಎಂಬ ದಿಣ್ಣೆ. ದಿಣ್ಣೆ ಎಂದರೂ ಸುತ್ತಲಿನ ಬಯಲಿಗಿಂತ ಹದಿನೈದು ಅಡಿಯಷ್ಟೇ ಎತ್ತರ. ಅಲ್ಲಲ್ಲಿ ಗಂಧಕದ ವಾಸನೆ, ಗುಳ್ಳೆಯೇಳುವ ಅನಿಲ. ಶಾಲೆಯಲ್ಲಿ ಹೆಚ್ಚು ಕಲಿಯದ, ಒಂದು ಕೈ ಕಳೆದುಕೊಂಡಿದ್ದ ಪ್ಯಾಟಿಲೊ ಹಿಗ್ಗಿನ್ಸ್ ಎಂಬ ಸ್ಥಳೀಯ ಇದರ ಕೆಳಗೆ ಎಣ್ಣೆಯಿದೆ ಎಂದು ಹಟ ಹಿಡಿದು 1892ರಲ್ಲಿ ಕಂಪನಿ ಕಟ್ಟಿದ. ಕೊರೆದ ಬಾವಿಗಳು ಸಡಿಲ ಮರಳಿನಲ್ಲಿ ಕುಸಿದವು, ದುಡ್ಡು ಮುಗಿಯಿತು. ಆಮೇಲೆ ಬಂದವರು ಆಂಥನಿ ಲೂಕಸ್. ಇಂದಿನ ಕ್ರೊಯೇಷಿಯಾದ ಸ್ಪ್ಲಿಟ್‌ನಲ್ಲಿ ಹುಟ್ಟಿದ ಎಂಜಿನಿಯರ್. ಅವರ ವಿಶೇಷವೆಂದರೆ ಲೂಯಿಸಿಯಾನದ ಉಪ್ಪಿನ ಗಣಿಗಳಲ್ಲಿ ಕೆಲಸ ಮಾಡಿದ್ದು. ಸಮತಟ್ಟು ಬಯಲಿನಲ್ಲಿ ಇಂಥ ದಿಣ್ಣೆ ಎದ್ದಿದ್ದರೆ ಕೆಳಗೆ ಉಪ್ಪಿನ ಗುಮ್ಮಟವಿದೆ, ಗುಮ್ಮಟವಿದ್ದಲ್ಲಿ ಗಂಧಕವೂ ಎಣ್ಣೆಯೂ ಇರಬಹುದು ಎಂಬುದು ಅವರು ಕಣ್ಣಾರೆ ಕಂಡು ಕಟ್ಟಿಕೊಂಡ ನಂಬಿಕೆ. ಎಣ್ಣೆಯ ವ್ಯವಹಾರದ ಪಂಡಿತರು ಒಪ್ಪಲಿಲ್ಲ; ಆಗ ಅಮೆರಿಕದ ಎಣ್ಣೆಯಲ್ಲಿ ಬಹುಪಾಲು ಪೆನ್ಸಿಲ್ವೇನಿಯಾ ಕಡೆಯ ಗಟ್ಟಿ ಕಲ್ಲಿನ ನಾಡಿನಿಂದ ಬರುತ್ತಿತ್ತು.

1901ರ ಜನವರಿ 10ರಂದು ಸಾವಿರ ಅಡಿಗೂ ಹೆಚ್ಚು ಆಳದಿಂದ ಕೊಳವೆಗಳನ್ನೇ ಮೇಲಕ್ಕೆಸೆದು ಎಣ್ಣೆ ಚಿಮ್ಮಿತು. ಕಾರಂಜಿ ನೂರೈವತ್ತು ಅಡಿಗೂ ಮೇಲೆ ಹೋಯಿತು. ಒಂಬತ್ತು ದಿನ ಯಾರಿಗೂ ಅದನ್ನು ನಿಲ್ಲಿಸಲಾಗಲಿಲ್ಲ. ದಿನಕ್ಕೆ ಒಂದು ಲಕ್ಷ ಬ್ಯಾರೆಲ್ ಎಂದು ಅಂದಾಜು ಮಾಡಿದರು. ಅದುವರೆಗೆ ಅಮೆರಿಕದಲ್ಲಿ ಒಂದು ಬಾವಿ ಅಷ್ಟು ಕೊಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಸೀಮೆಎಣ್ಣೆ ದೀಪಕ್ಕೆಂದು ಬಳಸುತ್ತಿದ್ದ ವಸ್ತು ರೈಲು, ಹಡಗುಗಳ ಇಂಧನವಾಗುವಷ್ಟು ಅಗ್ಗವಾದದ್ದು ಈ ದಿಣ್ಣೆಯಿಂದ.

"ಎಣ್ಣೆ ಇದ್ದದ್ದು ಉಪ್ಪಿನೊಳಗಾ?" ಎಂದು ಅಕ್ಕ ಕೇಳಿದರು.

"ಉಪ್ಪಿನ ತಲೆಯ ಮೇಲಿನ ಟೋಪಿಯಲ್ಲಿ."

ಟೋಪಿ ಎಲ್ಲಿಂದ ಬಂತು ಎಂಬುದನ್ನು ಅವರು ವಿವರಿಸುವ ಮೊದಲೇ ಅಕ್ಕ ಇನ್ನೊಂದು ಪ್ರಶ್ನೆ ಹಾಕಿದರು. ಆ ಮಧ್ಯಾಹ್ನದ ಅತ್ಯುತ್ತಮ ಪ್ರಶ್ನೆ ಅದೇ. "ಉಪ್ಪು ನೀರಿನಲ್ಲಿ ಕರಗುತ್ತದೆ. ಭೂಮಿಯೊಳಗೆ ಎಲ್ಲೆಲ್ಲೂ ನೀರು ಅಂತ ನೀನೇ ಹೇಳಿದೆ. ಕೋಟಿ ವರ್ಷ ಕರಗದೆ ಹೇಗೆ ಉಳಿಯಿತು?"

ಈ ಸಲ ಉತ್ತರ ಕೊಟ್ಟವಳು ಮಗಳು. "ಒಂದು ಲೀಟರ್ ನೀರು ಹೆಚ್ಚೆಂದರೆ 360 ಗ್ರಾಂ ಉಪ್ಪು ಕರಗಿಸಿಕೊಳ್ಳುತ್ತದೆ ಅಮ್ಮ. ಅಷ್ಟಾದ ಮೇಲೆ ಇನ್ನೊಂದು ಹರಳನ್ನೂ ಮುಟ್ಟುವುದಿಲ್ಲ. ಆಳದ ನೀರು ಅಲ್ಲೇ ನಿಂತ ನೀರು. ಉಪ್ಪನ್ನು ತಾಗಿ ಒಮ್ಮೆ ತುಂಬಿಕೊಂಡ ಮೇಲೆ ಅದಕ್ಕೆ ಹಸಿವಿಲ್ಲ."

"ಸರಿ," ಎಂದರು ಮಾವ. "ಆದರೆ ಗುಮ್ಮಟ ನೆಲದ ಹತ್ತಿರಕ್ಕೆ ಏರಿದಾಗ ಮಳೆಯ ಸಿಹಿನೀರು ಸಿಗುತ್ತದೆ. ಅದು ಹರಿಯುವ ನೀರು, ಹಸಿದ ನೀರು. ಅಲ್ಲಿ ತಲೆ ಕರಗುತ್ತದೆ. ಉಪ್ಪಿನ ಜೊತೆ ಬೆರೆತಿದ್ದ ಅನ್‌ಹೈಡ್ರೈಟ್ ಅಷ್ಟು ಸುಲಭವಾಗಿ ಕರಗುವುದಿಲ್ಲ, ಸೋಸಿದ ಗಷ್ಟಿನಂತೆ ಮೇಲೆ ಕೂರುತ್ತದೆ. ಅದರಲ್ಲಿ ಒಂದಿಷ್ಟು ಜಿಪ್ಸಮ್ ಆಗುತ್ತದೆ. ಅಲ್ಲಿಗೆ ಎಣ್ಣೆ ಬಂದರೆ ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳು ಅನ್‌ಹೈಡ್ರೈಟನ್ನು ಸುಣ್ಣಕಲ್ಲು ಮಾಡುತ್ತವೆ, ಗಂಧಕವನ್ನು ಬಿಡಿಸುತ್ತವೆ. ಆ ಸುಣ್ಣಕಲ್ಲು ತೂತುತೂತು. ಸ್ಪಿಂಡಲ್‌ಟಾಪ್‌ನಲ್ಲಿ ಎಣ್ಣೆ ತುಂಬಿದ್ದು ಆ ತೂತುಗಳಲ್ಲಿ. ಹಿಗ್ಗಿನ್ಸ್‌ನ ಮೂಗಿಗೆ ಬಡಿದ ಗಂಧಕದ ವಾಸನೆಯ ಮೂಲವೂ ಅದೇ."

ಮಳೆ ಕಡಿಮೆಯಿರುವ ಸೀಮೆಯಲ್ಲಿ ತಲೆ ಅಷ್ಟಾಗಿ ಕರಗುವುದಿಲ್ಲ. ಇರಾನಿನ ಝಾಗ್ರೋಸ್ ಬೆಟ್ಟಗಳಲ್ಲಿ ಐವತ್ತು ಕೋಟಿ ವರ್ಷಕ್ಕೂ ಹಳೆಯ ಹೊರ್ಮುಝ್ ಉಪ್ಪು ನೆಲ ಸೀಳಿ ಹೊರಬಂದು, ಹಿಮನದಿಯಂತೆ ಇಳಿಜಾರಿನಲ್ಲಿ ಹರಿಯುತ್ತದೆ. ಹೊರ್ಮುಝ್ ದ್ವೀಪವೇ ಒಂದು ಉಪ್ಪಿನ ಗುಮ್ಮಟ. ಅದೇ ಬೆಟ್ಟಸಾಲಿನಲ್ಲಿ, 1908ರ ಮೇ 26ರಂದು ಮಸ್ಜಿದ್ ಸುಲೇಮಾನಿನಲ್ಲಿ ಎಣ್ಣೆ ಸಿಕ್ಕಿದ್ದು ಇನ್ನೊಂದು, ಹೊಸ ಕಾಲದ ಜಿಪ್ಸಮ್-ಉಪ್ಪಿನ ಪದರದ ಕೆಳಗಿನ ಸುಣ್ಣಕಲ್ಲಿನಿಂದ. ಗಚ್ಸಾರಾನ್ ಎಂದು ಕರೆಯುವ ಆ ಪದರ ಇಲ್ಲದಿದ್ದರೆ ಮಧ್ಯಪ್ರಾಚ್ಯದ ಮೊದಲ ದೊಡ್ಡ ಎಣ್ಣೆಬಾವಿಯೇ ಇರುತ್ತಿರಲಿಲ್ಲ.

ದಿಣ್ಣೆ ಕಾಣದ ಕಡೆ ಉಪ್ಪನ್ನು ಹುಡುಕುವುದು ಹೇಗೆ? ಅದರ ಸ್ವಭಾವವೇ ಸುಳಿವು ಕೊಟ್ಟಿತು. ಉಪ್ಪು ಹಗುರವಾದ್ದರಿಂದ ಗುಮ್ಮಟದ ಮೇಲೆ ಗುರುತ್ವಾಕರ್ಷಣೆ ಕೂದಲೆಳೆಯಷ್ಟು ಕಡಿಮೆ. ಹಂಗರಿಯ ಭೌತವಿಜ್ಞಾನಿ ಎಯೊಟ್ವೊಷ್ ರೂಪಿಸಿದ ತಿರುಚು ತಕ್ಕಡಿಯಿಂದ ಆ ವ್ಯತ್ಯಾಸ ಅಳೆದು 1924ರಲ್ಲಿ ಟೆಕ್ಸಸ್‌ನ ನ್ಯಾಶ್ ಗುಮ್ಮಟವನ್ನು ಪತ್ತೆ ಮಾಡಿದರು. ಉಪ್ಪಿನಲ್ಲಿ ಕಂಪನದ ಅಲೆ ಸೆಕೆಂಡಿಗೆ 4,500 ಮೀಟರ್ ಹತ್ತಿರದ ವೇಗದಲ್ಲಿ ಓಡುತ್ತದೆ, ಸುತ್ತಲಿನ ಎಳೆಯ ಕೆಸರುಗಲ್ಲಿಗಿಂತ ಬಹಳ ಜೋರು. ಸಿಡಿಮದ್ದು ಸಿಡಿಸಿ, ಅಲೆ ಬೇಗ ಬಂದ ಕಡೆ ಉಪ್ಪು ಎಂದು ಗುರುತಿಸುವುದೂ ಅದೇ ಕಾಲಕ್ಕೆ ಶುರುವಾಯಿತು. ಸಮುದ್ರದಲ್ಲಿ ಎಣ್ಣೆ ಹುಡುಕುವ ಇಂದಿನ ವಿದ್ಯೆಗೆ ಉಪ್ಪೇ ಮೊದಲ ಪಾಠಶಾಲೆ ಎಂದರೆ ತಪ್ಪಾಗದು.

"ಆಮೇಲೆ ಅದೇ ಉಪ್ಪು ನಮ್ಮ ಕಣ್ಣಿಗೆ ಮಣ್ಣು ಹಾಕಿತು," ಎಂದರು ಮಾವ. ಅವರ ದನಿ ಈಗ ಬದಲಾಗಿತ್ತು; ಇದು ಅವರ ಸ್ವಂತ ವೃತ್ತಿಯ ಭಾಗ. "ಮೆಕ್ಸಿಕೋ ಕೊಲ್ಲಿಯ ಉಪ್ಪು ಸುಮಾರು 17 ಕೋಟಿ ವರ್ಷದ ಹಿಂದಿನದು, ಲೂಆನ್ ಉಪ್ಪು ಅಂತ ಹೆಸರು. ಮಿಸಿಸಿಪ್ಪಿ ಮತ್ತಿತರ ನದಿಗಳು ಅದರ ಮೇಲೆ ಮಣ್ಣು ಸುರಿದವು, ಉಪ್ಪು ಹಿಂಡಿಕೊಂಡು ಮೇಲೆ ಬಂತು, ಬಂದು ಕಡಲ ತಳದಲ್ಲಿ ದೋಸೆಯಂತೆ ಹರಡಿತು. ಅದರ ಮೇಲೆ ಮತ್ತೆ ಮಣ್ಣು. ಕೊರೆಯುತ್ತಾ ಹೋದವರಿಗೆ ಉಪ್ಪು ತಗುಲಿದರೆ, ಬುಡ ಬಂತು, ಇನ್ನು ಕೆಳಗೆ ಏನೂ ಇಲ್ಲ ಅಂತ ನಿಲ್ಲಿಸಿಬಿಡುತ್ತಿದ್ದರು. ಅದು ಬುಡವಲ್ಲ, ನಡುವೆ ತೂರಿದ ದೋಸೆ. ಅದರ ಕೆಳಗೆ ಒಳ್ಳೆಯ ಮರಳುಗಲ್ಲು ಎಣ್ಣೆ ತುಂಬಿಕೊಂಡು ಕೂತಿತ್ತು. 1993ರಲ್ಲಿ ಮಹಾಗನಿ ಕ್ಷೇತ್ರ ಸಿಕ್ಕ ಮೇಲೆ, ಉಪ್ಪಿನ ಹಾಳೆಯ ಕೆಳಗೂ ಲಾಭದ ಎಣ್ಣೆಯಿದೆ ಎಂದು ಎಲ್ಲರೂ ನಂಬಿದರು."

"ಅಲೆಗಳಿಂದ ಮೊದಲೇ ಕಾಣಲಿಲ್ಲವಾ?"

"ಬಾವಿಯೊಳಗೆ ಬಿದ್ದ ಕೊಡ ಇದ್ದಲ್ಲೇ ಕಾಣುತ್ತದಾ? ಬೆಳಕು ಬಾಗುತ್ತದೆ, ಕೊಡ ಬೇರೆ ಕಡೆ ಇದ್ದಂತೆ ತೋರುತ್ತದೆ. ಉಪ್ಪಿಗೆ ಹೋಗುವಾಗ ಅಲೆ ಹಾಗೇ ಬಾಗುತ್ತದೆ, ಹೊರಗೆ ಬರುವಾಗ ಇನ್ನೊಮ್ಮೆ. ಮೇಲಾಗಿ ಆ ಉಪ್ಪಿನ ಮೇಲ್ಮೈ ನುಣುಪಲ್ಲ, ಬೆಟ್ಟ ಕಣಿವೆಗಳಿದ್ದ ಹಾಗೆ. ಉಪ್ಪಿನ ಆಕಾರ ಸರಿಯಾಗಿ ಗೊತ್ತಾಗದೆ ಕೆಳಗಿನದು ಗೊತ್ತಾಗದು. ನಾವು ಉಪ್ಪಿನ ಅಂಚನ್ನು ಕೈಯಿಂದ ಗೆರೆ ಎಳೆದು ಗುರುತಿಸುತ್ತಿದ್ದೆವು. ಗೆರೆ ನೂರು ಮೀಟರ್ ತಪ್ಪಿದರೆ ಕೆಳಗಿನ ಚಿತ್ರವೆಲ್ಲ ಸುಳ್ಳು. ಒಮ್ಮೆ ನಾನು ಎಳೆದ ಗೆರೆಯೂ ತಪ್ಪಿತ್ತು. ಬಾವಿ ಬರಿದಾಯಿತು. ಆ ರಾತ್ರಿ ನಿದ್ದೆ ಬರಲಿಲ್ಲ."

ಹಡಗುಗಳು ಒಂದೇ ದಿಕ್ಕಿನಿಂದ ಅಲ್ಲದೆ ಹಲವು ದಿಕ್ಕಿನಿಂದ ಅಲೆ ಕಳಿಸಿ ಆಲಿಸಲು ತೊಡಗಿದ ಮೇಲೆ, ದೈತ್ಯ ಕಂಪ್ಯೂಟರುಗಳು ಅಲೆಯ ಪೂರ್ತಿ ಆಕಾರವನ್ನೇ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಉಪ್ಪಿನ ಕೆಳಗಿನ ಮಬ್ಬು ತಿಳಿಯಾಗುತ್ತಾ ಬಂದಿದೆ. 2017ರಲ್ಲಿ ಅದೇ ಕೊಲ್ಲಿಯ ಅಟ್ಲಾಂಟಿಸ್ ಎಂಬ ಹಳೆಯ ಕ್ಷೇತ್ರದ ಅಲೆಗಳನ್ನು ಹೊಸ ಲೆಕ್ಕದಲ್ಲಿ ಓದಿದಾಗ, ಇಲ್ಲವೆಂದುಕೊಂಡಿದ್ದ ಸುಮಾರು 20 ಕೋಟಿ ಬ್ಯಾರೆಲ್ ಎಣ್ಣೆ ಕಂಡಿತು. ಒಂದು ಹೊಸ ಬಾವಿಯನ್ನೂ ಕೊರೆಯದೆ.

ಬ್ರೆಜಿಲಿನದು ಇನ್ನೂ ದೊಡ್ಡ ಧೈರ್ಯ. ಅಲ್ಲಿ ಎಣ್ಣೆ ಇರುವ ಕಲ್ಲು ಉಪ್ಪಿಗಿಂತ ಹಳೆಯದು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕ ಬೇರೆಯಾಗತೊಡಗಿದಾಗ ನಡುವಿನ ತಗ್ಗಿನಲ್ಲಿ ಮೊದಲು ಸರೋವರಗಳಾದವು. ಅವುಗಳ ತಳದ ಕೆಸರೇ ಎಣ್ಣೆಯ ತಾಯಿ, ದಡದ ಸುಣ್ಣಕಲ್ಲೇ ಎಣ್ಣೆಯ ಉಗ್ರಾಣ. ಆಮೇಲೆ, ಸುಮಾರು 11 ಕೋಟಿ ವರ್ಷಗಳ ಹಿಂದೆ, ಸಮುದ್ರ ನುಗ್ಗಿ ಒಣಗಿ ಉಪ್ಪಿನ ಮುಚ್ಚಳ ಹಾಕಿತು. 2006ರಲ್ಲಿ ಸಾಂಟೋಸ್ ತೀರದಾಚೆ ಟುಪಿ ಎಂಬಲ್ಲಿ ಎರಡು ಕಿಲೋಮೀಟರಿಗೂ ಮಿಕ್ಕ ನೀರು, ಅದರ ಕೆಳಗಿನ ಕಲ್ಲು, ಮತ್ತೆ ಸುಮಾರು ಎರಡು ಕಿಲೋಮೀಟರ್ ಉಪ್ಪು, ಇವನ್ನೆಲ್ಲ ದಾಟಿದ ಕೊರಕಕ್ಕೆ ಎಣ್ಣೆ ತಗುಲಿತು. ಮರುವರ್ಷ 500ರಿಂದ 800 ಕೋಟಿ ಬ್ಯಾರೆಲ್ ತೆಗೆಯಬಹುದೆಂದು ಪ್ರಕಟಿಸಿದರು. ಈಗ ಬ್ರೆಜಿಲ್ ತೆಗೆಯುವ ಎಣ್ಣೆಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಉಪ್ಪಿನ ಕೆಳಗಿನದು.

ಉಪನ್ಯಾಸಕಿ ಇಲ್ಲಿ ತಡೆದಳು. "ಅಷ್ಟು ಆಳದಲ್ಲಿ ಶಾಖ ಜಾಸ್ತಿ. ಎಣ್ಣೆಯೆಲ್ಲ ಒಡೆದು ಅನಿಲವಾಗಬೇಕಿತ್ತು."

"ಸಾರಿನ ಪಾತ್ರೆಯಲ್ಲಿ ಸ್ಟೀಲಿನ ಸೌಟು ಬಿಟ್ಟರೆ ಹಿಡಿ ಸುಡುತ್ತದೆ, ಮರದ ಸೌಟು ಸುಡುವುದಿಲ್ಲ. ಉಪ್ಪು ಸ್ಟೀಲಿನ ಸೌಟು. ಜೇಡಿಕಲ್ಲಿಗಿಂತ ಎರಡು ಮೂರು ಪಟ್ಟು ಚೆನ್ನಾಗಿ ಶಾಖವನ್ನು ಮೇಲಕ್ಕೆ ಸಾಗಿಸುತ್ತದೆ. ಅದರ ಕೆಳಗಿನ ಕಲ್ಲು ಅಷ್ಟೇ ಆಳದ ಬೇರೆ ಕಲ್ಲಿಗಿಂತ ತಂಪು, ಮೇಲಿನದು ಬಿಸಿ. ಅದಕ್ಕೇ ಕೆಳಗಿನ ಎಣ್ಣೆ ಎಣ್ಣೆಯಾಗಿಯೇ ಉಳಿಯಿತು. ಮುಚ್ಚಳವೂ ಅದೇ, ಒಲೆಯ ಉರಿ ತಗ್ಗಿಸಿದ್ದೂ ಅದೇ."

ಹಾಗೆಂದು ಉಪ್ಪನ್ನು ಕೊರೆಯುವುದು ಸುಲಭದ ಕೆಲಸವಲ್ಲ. ಕೊರೆಯುವಾಗ ಬಾವಿಯೊಳಗೆ ಹರಿಸುವ ಕೆಸರು ಸಿಹಿನೀರಿನದಾದರೆ ಬಾವಿಯ ಗೋಡೆ ಕರಗುತ್ತದೆ, ಅದಕ್ಕೇ ಉಪ್ಪು ತುಂಬಿದ ಕೆಸರನ್ನೋ ಎಣ್ಣೆ ಬೆರೆಸಿದ್ದನ್ನೋ ಬಳಸುತ್ತಾರೆ. ಹರಿಯುವ ಉಪ್ಪು ಬಾವಿಯನ್ನು ಸುತ್ತಲಿಂದ ಹಿಂಡುತ್ತದೆ. ಉಕ್ಕಿನ ಕೊಳವೆಯನ್ನೂ ಅದುಮಿದ ಉದಾಹರಣೆಗಳಿವೆ. ಮೆಗ್ನೀಶಿಯಂ ಲವಣಗಳ ಪದರ ಬಂದರೆ ಇನ್ನೂ ವೇಗ. ಸೊಸೆಯ ವಿದ್ಯಾರ್ಥಿಗಳು ಹೆಸರು ಬಾಯಿಪಾಠ ಮಾಡುವ ಕಾರ್ನಲೈಟ್ ಅಲ್ಲಿ ಬಾವಿ ಮುಚ್ಚುವ ಶತ್ರು.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಲೂಯಿಸಿಯಾನದ ಪೆನ್ಯೂರ್ ಸರೋವರ ಸಾಕ್ಷಿ. ಅದರ ಕೆಳಗಿನ ಜೆಫರ್ಸನ್ ಐಲೆಂಡ್ ಗುಮ್ಮಟದಲ್ಲಿ ಉಪ್ಪಿನ ಗಣಿ ನಡೆಯುತ್ತಿತ್ತು. ಮೇಲೆ, ಸರೋವರದಲ್ಲಿ, ಎಣ್ಣೆಗಾಗಿ ಕೊರೆಯುತ್ತಿದ್ದರು. 1980ರ ನವೆಂಬರ್ 20ರ ಬೆಳಿಗ್ಗೆ ಕೊರಕ ಗಣಿಯ ಚಾವಣಿಯನ್ನು ಚುಚ್ಚಿತು. ಹತ್ತಡಿ ಆಳದ ಸರೋವರದ ನೀರು ಆ ತೂತಿನಿಂದ ಇಳಿಯುತ್ತಾ ಉಪ್ಪನ್ನು ಕರಗಿಸಿತು, ಕರಗಿದಷ್ಟೂ ತೂತು ದೊಡ್ಡದಾಯಿತು. ಕೊರೆಯುವ ಅಟ್ಟಣೆ, ಹನ್ನೊಂದು ದೋಣಿಗಳು, ದಡದ ಮರಗಳು ಸುಳಿಯಲ್ಲಿ ಇಳಿದುಹೋದವು. ಸಮುದ್ರದ ಕಡೆಗೆ ಹರಿಯುತ್ತಿದ್ದ ಕಾಲುವೆ ಹಿಂದಕ್ಕೆ ತಿರುಗಿ ಸರೋವರಕ್ಕೆ ಬಿತ್ತು. ಗಣಿಯಲ್ಲಿದ್ದ ಐವತ್ತಕ್ಕೂ ಹೆಚ್ಚು ಜನರೂ ಮೇಲಿದ್ದವರೂ ಬದುಕಿ ಹೊರಬಂದರು.

ಅಕ್ಕ ಒರಳನ್ನು ಒರೆಸಿ ಬದಿಗಿಟ್ಟರು. "ನಮ್ಮ ದೇಶದಲ್ಲಿ ಇಂಥ ಉಪ್ಪು ಇಲ್ಲವಾ?"

"ಏಕಾದಶಿಗೆ ನೀನು ಹಾಕುವ ಸೈಂಧವ ಲವಣ ಎಲ್ಲಿಂದ ಬರುತ್ತಿತ್ತು ಅಂದುಕೊಂಡಿದ್ದೀಯ? ಅದು ಈಗ ಪಾಕಿಸ್ತಾನದಲ್ಲಿರುವ ಸಿಂಧೂ ನಾಡಿನದು. ಅಲ್ಲಿನ ಖೇವ್ಡಾ ಗಣಿಯ ಉಪ್ಪಿನ ವಯಸ್ಸು ಐವತ್ತು ಕೋಟಿ ವರ್ಷದ ಮೇಲೆ. ಆ ಪದರದ ಮೇಲೆ ಪೋಠೋಹಾರ್ ಪ್ರಸ್ಥಭೂಮಿ ದಕ್ಷಿಣಕ್ಕೆ ಜಾರಿ ಬಂದಿದೆ, ಜಾರುವಾಗ ಮಡಿಕೆ ಬಿದ್ದಿದೆ, ಆ ಮಡಿಕೆಗಳಲ್ಲಿ ಎಣ್ಣೆಯಿದೆ. ಖೌರ್‌ನಲ್ಲಿ 1915ರಲ್ಲೇ ಸಿಕ್ಕಿತು. ನಮ್ಮ ರಾಜಸ್ಥಾನದ ಬಿಕಾನೇರ್, ನಾಗೌರ್ ನೆಲದ ಕೆಳಗೂ ಆ ಕಾಲದ ಉಪ್ಪೇ ಇದೆ. ಆ ಕೊಳ್ಳದ ಪಶ್ಚಿಮಕ್ಕೆ ಜೈಸಲ್ಮೇರ್ ಜಿಲ್ಲೆಯ ಬಾಘೇವಾಲಾದಲ್ಲಿ 1991ರಲ್ಲಿ ದಪ್ಪ ಎಣ್ಣೆ ಸಿಕ್ಕಿದೆ. ಬೆಲ್ಲದ ಪಾಕದಂತೆ ಮಂದ, ತೆಗೆಯುವುದು ಕಷ್ಟ."

ಸೊಸೆ ಬಹಳ ಹೊತ್ತಿನಿಂದ ಅದುಮಿಟ್ಟುಕೊಂಡಿದ್ದ ಮಾತನ್ನು ಈಗ ಆಡಿದಳು. "ಭೂಮಿ ಬಿಸಿಯಾಗುತ್ತಿದೆ ಅಂತ ನಾನು ತರಗತಿಯಲ್ಲಿ ಪಾಠ ಮಾಡುತ್ತೇನೆ. ಉಪ್ಪು ಇಷ್ಟು ಕಾಲ ಕಾದಿಟ್ಟಿದ್ದನ್ನು ನೂರಿನ್ನೂರು ವರ್ಷದಲ್ಲಿ ಸುಟ್ಟು ಮುಗಿಸುವುದು ಸರಿ ಅನ್ನಿಸುತ್ತದಾ ನಿಮಗೆ?"

"ಅನ್ನಿಸುವುದಿಲ್ಲ," ಎಂದರು ಮಾವ ನೇರವಾಗಿ. "ನನ್ನ ಅನ್ನ ಅದರಿಂದ ಬಂತು, ಆದರೂ ಅನ್ನಿಸುವುದಿಲ್ಲ. ಆದರೆ ಉಪ್ಪಿನ ಬಗ್ಗೆ ಕಲಿತದ್ದು ವ್ಯರ್ಥವಾಗಬಾರದು. ಇಂಗ್ಲೆಂಡಿನ ಟೀಸೈಡ್‌ನಲ್ಲಿ 1970ರ ದಶಕದಿಂದ ಉಪ್ಪಿನ ಗುಹೆಗಳಲ್ಲಿ ಹೈಡ್ರೋಜನ್ ಇಟ್ಟಿದ್ದಾರೆ. ಅಷ್ಟು ಸಣ್ಣ ಅಣುವನ್ನೂ ಉಪ್ಪು ಬಿಟ್ಟುಕೊಡುವುದಿಲ್ಲ. ಬಿಸಿಲು ಗಾಳಿಯ ವಿದ್ಯುತ್ತನ್ನು ಹೈಡ್ರೋಜನ್ ಮಾಡಿ ಕೂಡಿಡಬೇಕಾದರೆ ಇಂಥ ಜಾಗಗಳೇ ಬೇಕು."

ಕೂಡಿಡುವ ವಿದ್ಯೆಯನ್ನು ಎಣ್ಣೆಗೆ ಬಳಸಿದವರಲ್ಲಿ ಅಮೆರಿಕದ ಸರ್ಕಾರ ದೊಡ್ಡದು. 1973ರ ಎಣ್ಣೆ ನಿರ್ಬಂಧದಿಂದ ಪೆಟ್ಟು ತಿಂದ ಮೇಲೆ ಅದು ಟೆಕ್ಸಸ್ ಮತ್ತು ಲೂಯಿಸಿಯಾನದ ನಾಲ್ಕು ಕಡೆ ಗುಮ್ಮಟಗಳಿಗೆ ನೀರು ಬಿಟ್ಟು, ಉಪ್ಪನ್ನು ಕರಗಿಸಿ ಹೊರತೆಗೆದು, ಅರವತ್ತರಷ್ಟು ಗುಹೆಗಳನ್ನು ಮಾಡಿತು. ಒಂದೊಂದೂ ಸುಮಾರು 60 ಮೀಟರ್ ಅಗಲ, 750 ಮೀಟರ್ ಎತ್ತರ; ಬುರ್ಜ್ ಖಲೀಫಾಗಿಂತ ಸ್ವಲ್ಪವೇ ಗಿಡ್ಡ. ಒಟ್ಟು 70 ಕೋಟಿ ಬ್ಯಾರೆಲ್ ಹಿಡಿಯುತ್ತವೆ. ಉಪ್ಪು ಎಣ್ಣೆಯಲ್ಲಿ ಕರಗದು, ಎಣ್ಣೆ ಉಪ್ಪನ್ನು ತೂರದು. ನಿಸರ್ಗ ಮಾಡಿದ್ದನ್ನೇ ಮನುಷ್ಯ ತಿರುಗಿ ಮಾಡಿದ.

"ಮಂಗಳೂರಿನಲ್ಲೂ ನೆಲದಡಿ ಎಣ್ಣೆ ತುಂಬಿಟ್ಟಿದ್ದಾರಂತಲ್ಲ," ಎಂದರು ಅಕ್ಕ. "ಅಲ್ಲಿ ಉಪ್ಪು ಎಲ್ಲಿಂದ ಬಂತು?"

"ಅಲ್ಲಿ ಉಪ್ಪಿಲ್ಲ ಅಕ್ಕ. ನಮ್ಮ ಕರಾವಳಿಯ ಕೆಳಗಿರುವುದು ಗ್ರಾನೈಟು, ನೈಸು. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ಎಣ್ಣೆ ಹಿಡಿಯುವ ಗುಹೆಗಳನ್ನು ಆ ಬಂಡೆಯನ್ನೇ ಸಿಡಿಸಿ ಕೊರೆದಿದ್ದಾರೆ. ಗಟ್ಟಿ ಬಂಡೆ, ಅದಕ್ಕೇ ಬಿರುಕುಗಳೂ ಇವೆ. ತಾನೇ ಕೂಡಿಕೊಳ್ಳುವ ಗುಣ ಅದಕ್ಕಿಲ್ಲ. ಹಾಗಾಗಿ ಗುಹೆಗಳ ಮೇಲೆ ಸಾಲಾಗಿ ರಂಧ್ರ ಕೊರೆದು ನೀರು ಉಣಿಸುತ್ತಾರೆ. ಬಿರುಕುಗಳಲ್ಲಿ ನಿಂತ ಆ ನೀರಿನ ಒತ್ತಡ ಎಣ್ಣೆಯ ಒತ್ತಡಕ್ಕಿಂತ ಯಾವಾಗಲೂ ಹೆಚ್ಚಿರಬೇಕು. ಉಪ್ಪು ಮಾಡುವ ಕೆಲಸವನ್ನು ಪಾದೂರಿನಲ್ಲಿ ನೀರು ಮಾಡುತ್ತಿದೆ, ಹಗಲೂ ರಾತ್ರಿ."